ಹೊಲದ ಹೆಸರೂ ನಕ್ಷೆಗೆ ಬರಲಿ

ಸಂಪಾದಕರೇ,

ನಮ್ಮ ಮಂಡ್ಯ ಕಡೆ ಈಗ ಕಾದಾಡಿ ಸತ್ತವರ ನೆನಪಿನ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಗಲ್ಲು ಕಂಡರೆ ಹುಡುಗರು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಖುಷಿಯೇ. ಆದರೆ ಕಲ್ಲು ಎಲ್ಲಿದೆಯಪ್ಪಾ ಅಂದರೆ 'ನಮ್ಮೂರ ಹತ್ರ' ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ.

ಈ ವಿಷಯದಲ್ಲಿ ಸಾವಿರ ವರ್ಷದ ಹಿಂದಿನವರೇ ವಾಸಿ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೋಡಿ, ಕ್ರಿ.ಶ. 949-50ರದು. ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ ಸತ್ತದ್ದು ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಅಂತ ಕಲ್ಲಿನಲ್ಲೇ ಕೆತ್ತಿದ್ದಾರೆ. ನಾಯಿ ಸತ್ತ ಜಾಗಕ್ಕೂ ಊರು, ದಿಕ್ಕು, ದಿಣ್ಣೆ ಇದೆ! ಕಲ್ಲು ಬೆಂಗಳೂರಿನ ಮ್ಯೂಸಿಯಂ ಸೇರಿದರೂ ಜಾಗ ಕಳೆದುಹೋಗಲಿಲ್ಲ.

ಮೈಸೂರು ಸೀಮೆಯ ಶಾಸನಗಳನ್ನು ಹುಡುಕಿ ಸಂಗ್ರಹಿಸಿದ ವಿದ್ವಾಂಸ ಬಿ.ಎಲ್. ರೈಸ್ 1894ರಲ್ಲಿ ಈ ಭಾಗದ ಶಾಸನಗಳನ್ನು ಅಚ್ಚು ಹಾಕಿಸಿದಾಗ ಗುಡಿ, ಕೆರೆ, ಹೊಲಗಳನ್ನೇ ಗುರುತಾಗಿ ಕೊಟ್ಟರು. ಈಗ ಕೆರೆ ಒತ್ತುವರಿಯಾಗಿದೆ, ಗುಡಿಗೆ ಟೈಲ್ಸ್ ಬಿದ್ದಿದೆ, ಹೊಲ ಯಾರ್ಯಾರದೋ ಕೈ ದಾಟಿದೆ. ಪುಸ್ತಕ ಹಿಡಿದು ಹೋದವರಿಗೆ ದಾರಿ ತೋರಿಸುವವರು ಊರಿನ ಹಿರಿಯರು ಮಾತ್ರ. ಅವರ ಬಾಯಲ್ಲಿ ಕೋಟೆಹೊಲ, ಹಾಳೂರು, ಬಸ್ತಿ ತಿಟ್ಟು, ಮಾಸ್ತಮ್ಮನ ದಿಣ್ಣೆ ಅಂತೆಲ್ಲ ಹೆಸರಿರುತ್ತದೆ. ಪಹಣಿಯಲ್ಲಿ ಬರೀ ಸರ್ವೆ ನಂಬರ್. ಹಾಳೂರು ಅಂತ ಸುಮ್ನೆ ಕರೆಯುವುದಿಲ್ಲ, ಅಲ್ಲಿ ಟ್ರ್ಯಾಕ್ಟರ್ ಹೊಡೆದರೆ ಬೂದಿ ಮಣ್ಣು, ಮಡಕೆ ಚೂರು ಮೇಲೆ ಬರುತ್ತವೆ. ಬೇಚಿರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು ಅಂತ ಕಂದಾಯ ದಾಖಲೆ ಸೇರಿದ ಊರುಗಳ ಹೆಸರು ಹೇಗೋ ಉಳಿದಿದೆ, ಅದಕ್ಕೂ ಮೊದಲೇ ಹಾಳಾದವಕ್ಕೆ ಆ ಭಾಗ್ಯವೂ ಇಲ್ಲ. ಮೈಸೂರು ಸುತ್ತಿನ ಹುಂಡಿ, ಕೊಪ್ಪಲು ಅನ್ನುವ ಸಣ್ಣ ಊರುಗಳಲ್ಲಂತೂ ಲೇಔಟ್ ಬಂದ ಮೇಲೆ ಎಲ್ಲವೂ ಎರಡನೇ ಹಂತ, ನಾಲ್ಕನೇ ಕ್ರಾಸ್.

ನಮ್ಮ ಕಡೆ ರಸ್ತೆ ಅಗಲ ಮಾಡುವಾಗ ಜೆಸಿಬಿಯವನು ಒಂದು ವೀರಗಲ್ಲನ್ನು ಚರಂಡಿ ಪಕ್ಕಕ್ಕೆ ತಳ್ಳಿದ. ಕೆಳಗೆ ಕಾಳಗ, ಮಧ್ಯೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಎಲ್ಲ ಚೆನ್ನಾಗೇ ಇದೆ. ಇನ್ನು ಕೆಲವು ವರ್ಷಕ್ಕೆ ಯಾರಾದರೂ ಬಂದು, ಯುದ್ಧ ಆದದ್ದು ಆ ಚರಂಡಿ ಹತ್ತಿರವೇ ಅಂತ ಬರೆದರೂ ಬರೆಯಬಹುದು.

ಬೆಂಗಳೂರಿನಲ್ಲಿ ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರಿ-ಡಿ ಸ್ಕ್ಯಾನ್ ಮಾಡಿ ಅವು ಇರುವ ಜಾಗವನ್ನೂ ಗುರುತಿಸುತ್ತಿದ್ದಾರೆ. ನಮಗೆ ಸದ್ಯಕ್ಕೆ ಸ್ಕ್ಯಾನರ್ ಬೇಡ. ಪ್ರತಿ ಪಂಚಾಯಿತಿಯಲ್ಲಿ ಒಂದು ಪುಸ್ತಕ ಇಡಲಿ. ಹೈಸ್ಕೂಲ್ ಮಕ್ಕಳು ಹಿರಿಯರ ಜೊತೆ ಹೊಲ ಸುತ್ತಿ, ಕಲ್ಲಿನ ಫೋಟೊ, ಮೊಬೈಲ್ ತೋರಿಸುವ ಲೊಕೇಶನ್, ಸರ್ವೆ ನಂಬರ್, ಜೊತೆಗೆ ಜನ ಕರೆಯುವ ಹೆಸರನ್ನು ಕರೆಯುವ ಹಾಗೇ ಬರೆಯಲಿ. ದಯವಿಟ್ಟು ಮೇಷ್ಟ್ರುಗಳು ಹೆಸರನ್ನು ತಿದ್ದಿ ಚೆಂದ ಮಾಡಬಾರದು. ಎರಡು ಕೇರಿಯವರು ಎರಡು ಹೆಸರು ಹೇಳಿದರೆ ಎರಡೂ ಇರಲಿ.

ಒಂದು ಎಚ್ಚರಿಕೆ. ನಿಧಿ ಆಸೆಗೆ ಗುಡಿ ಅಗೆಯುವವರು ಈಗ ಜಾಸ್ತಿ. ಕಾವಲಿಲ್ಲದ ಪಾಳು ಗುಡಿಯ ಲೊಕೇಶನ್ ಗ್ರೂಪಿಗೆ ಹಾಕಬೇಡಿ. ಅದು ಪಂಚಾಯಿತಿ ಪುಸ್ತಕದಲ್ಲಿ, ಪುರಾತತ್ವ ಇಲಾಖೆಯಲ್ಲಿ ಇದ್ದರೆ ಸಾಕು.

- ಒಬ್ಬ ಓದುಗ, ಮದ್ದೂರು ತಾಲ್ಲೂಕು