ಮನೆಯೊಳಗೆ ಬರುವುದನ್ನು ಮನೆಮಂದಿ ಒಟ್ಟಾಗಿ ತೀರ್ಮಾನಿಸಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಮನೆಯ ಅಟ್ಟಗಳೂ ಸಜ್ಜೆಗಳೂ ಖಾಲಿಯಾಗುತ್ತವೆ. ಅದರ ಬೆನ್ನಲ್ಲೇ ಟ್ರಾನ್ಸ್‌ಫಾರ್ಮರ್‌ಗಳ ಬುಡದಲ್ಲಿ, ಖಾಲಿ ನಿವೇಶನಗಳ ಅಂಚಿನಲ್ಲಿ ಹರಿದ ಫೋಮ್ ಹಾಸಿಗೆಗಳು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಟೆ ಕಟ್ಟಿದ ಹಳೆಯ ಬಟ್ಟೆಗಳು ರಾಶಿ ಬೀಳುತ್ತವೆ. ಹಬ್ಬಕ್ಕೆ ಮೊದಲು ಧೂಳು ಹೊಡೆದು, ತೊಳೆದು, ಬೇಡವಾದದ್ದನ್ನು ಹೊರಹಾಕುವುದು ಹಿರಿಯರಿಂದ ಬಂದ ಒಳ್ಳೆಯ ರೂಢಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೀಗೆ ಖಾಲಿಯಾದ ಅಟ್ಟ ಮುಂದಿನ ನವರಾತ್ರಿಯ ಹೊತ್ತಿಗೆ ಮತ್ತೆ ಹೇಗೆ ತುಂಬಿಕೊಳ್ಳುತ್ತದೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಕಸದ ಕುರಿತ ಚರ್ಚೆಯೆಲ್ಲ ವಸ್ತು ಮನೆಯಿಂದ ಹೊರಬೀಳುವಾಗ ಶುರುವಾಗುತ್ತದೆ. ಅದು ವಸ್ತು ಮನೆಯೊಳಗೆ ಬರುವ ಮುನ್ನವೇ ಮನೆಮಂದಿಯೆಲ್ಲ ಕೂಡಿ ನಡೆಸುವ ಮಾತುಕತೆಯಾಗಬೇಕು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾವು ಹೊರಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಈ ನಾಡಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಯಲಹಂಕ ಕಡೆಯ ಮಾವಳ್ಳಿಪುರದ ಜನ ತಮ್ಮ ಊರಿನ ನೀರು, ಗಾಳಿ ಕೆಟ್ಟಿತೆಂದು ಪ್ರತಿಭಟಿಸಿದ ಮೇಲೆ 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಅಲ್ಲಿನ ಭೂಭರ್ತಿ ಕೇಂದ್ರ ಮುಚ್ಚಿತು, ರಾಜಧಾನಿಯ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಆಮೇಲೆ ಮಂಡೂರಿನ ಸರದಿ. 2014ರ ಕೊನೆಯಲ್ಲಿ ಅಲ್ಲಿಗೂ ಕಸ ಸಾಗಿಸುವುದನ್ನು ನಿಲ್ಲಿಸಬೇಕಾಯಿತು. ಮಂಗಳೂರಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ 2019ರ ಆಗಸ್ಟ್ ತಿಂಗಳ ಮಳೆಗೆ ಜಾರಿ, ಕೆಳಗಿದ್ದ ಮಂದಾರದ ತೆಂಗು, ಅಡಿಕೆ ತೋಟಗಳ ಮೇಲೆ ಹರಡಿಕೊಂಡಿತು. ತಲೆತಲಾಂತರದಿಂದ ಅಲ್ಲಿ ಬದುಕಿದ್ದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಪಟ್ಟಣದ ಮನೆಯೊಂದರ ಅಟ್ಟ ಖಾಲಿಯಾಗಲು ಹಳ್ಳಿಯೊಂದರ ತೋಟ ಮುಚ್ಚಿಹೋಗಬೇಕೇ ಎಂಬ ಪ್ರಶ್ನೆಯನ್ನು ನಾವು ಮಕ್ಕಳ ಮುಂದೆಯೇ ಎತ್ತಬೇಕು.

ಸರ್ಕಾರ, ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ಮೂಲದಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವೆಂದು ಹೈಕೋರ್ಟ್ ಹೇಳಿ ವರ್ಷಗಳೇ ಆದವು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ಪದ್ಧತಿ 2015ರ ಕೊನೆಯಲ್ಲಿ ಬೆಂಗಳೂರಿಗೆ ಬಂತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲೇ ಕಸ ಬೇರ್ಪಡಿಸುವುದನ್ನು ದೇಶಕ್ಕೆಲ್ಲ ಅನ್ವಯಿಸಿದವು. ಒಳ್ಳೆಯದೇ ಆಯಿತು. ಆದರೆ ವಿಂಗಡಣೆಯ ಕೆಲಸ ಬಹುತೇಕ ಮನೆಗಳಲ್ಲಿ ಅಡುಗೆಮನೆಯ ಹೊಣೆ ಹೊತ್ತ ಹೆಂಗಸಿನ ಮೇಲೆ ಅಥವಾ ಮನೆಗೆಲಸಕ್ಕೆ ಬರುವಾಕೆಯ ಮೇಲೆ ಬಿದ್ದಿದೆ. ತರುವವರು ಎಲ್ಲರೂ, ತೆಗೆಯುವವಳು ಒಬ್ಬಳೇ. ಮಗ ಮೊಬೈಲ್‌ನಲ್ಲಿ ತರಿಸುವ ಪೊಟ್ಟಣದ ರಟ್ಟು, ಗಾಳಿಗುಳ್ಳೆಯ ಹಾಳೆ, ಅಂಟುಪಟ್ಟಿಗಳನ್ನು ಬಿಡಿಸಿ ಬೇರೆ ಮಾಡುವುದು ಮಗನ ಕೆಲಸವೇ ಆಗಿದ್ದರೆ ಆತ ತರಿಸುವುದೂ ಕಡಿಮೆಯಾಗುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮನೆಯಲ್ಲಿ ಬೇರ್ಪಡಿಸದೆ ಕೊಟ್ಟದ್ದನ್ನು ಕೊನೆಗೆ ಪೌರಕಾರ್ಮಿಕರು ಆಟೊ ಟಿಪ್ಪರ್‌ನ ಮೇಲೆ ನಿಂತು, ಎಷ್ಟೋ ಸಲ ಬರಿಗೈಯಲ್ಲಿ, ಡೈಪರ್ ಮತ್ತು ಒಡೆದ ಗಾಜಿನ ನಡುವೆ ಕೈಹಾಕಿ ಬೇರ್ಪಡಿಸುತ್ತಾರೆ. ಬಳಸಿದ ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವುದು ಆ ಕೈಗಳಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.

ಇನ್ನು ಮನೆಯೊಳಗೆ ಬರುವ ವಸ್ತುಗಳ ವಿಷಯ. ಅಂಗಡಿಯಿಂದ, ಆನ್‌ಲೈನ್‌ನಿಂದ ನಾವಾಗಿಯೇ ತರಿಸುವ ಸಾಮಾನುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾವು ಕೇಳದೆಯೇ, ಪ್ರೀತಿಯ ಹೆಸರಿನಲ್ಲಿ, ಮಂಗಳದ ಹೆಸರಿನಲ್ಲಿ ಬರುವ ಸಾಮಾನುಗಳ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಏಕೆಂದರೆ ಮಾತನಾಡಿದರೆ ನಂಟರಿಗೆ ನೋವಾಗುತ್ತದೆ. ಗೃಹಪ್ರವೇಶ, ಸೀಮಂತ, ನಾಮಕರಣ, ಉಪನಯನ, ಮದುವೆ ಎಂದು ವರ್ಷವಿಡೀ ಹೋಗಿಬರುವ ಮನೆಗಳಲ್ಲಿ ತಾಂಬೂಲದ ಜೊತೆಗೆ ಪ್ಲಾಸ್ಟಿಕ್ ಡಬ್ಬಿ, ಪುಟ್ಟ ಸ್ಟೀಲ್ ಬಟ್ಟಲು, ದೇವರ ಚಿತ್ರದ ಫ್ರೇಮು, ಕೀಚೈನು ಸೇರುತ್ತವೆ. ಇವನ್ನೆಲ್ಲ ತುಂಬಿ ಕೊಡುವ ಚೀಲ ಬಟ್ಟೆಯಂತೆ ಕಂಡರೂ ಹೆಚ್ಚಿನ ಸಂದರ್ಭಗಳಲ್ಲಿ ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಕೆಲವು ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ರವಿಕೆ ಕಣಗಳ ಕತೆಯನ್ನು ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ಹೊಲಿಸಲು ಬಾರದ, ಸೀರೆಗೆ ಹೊಂದದ ಪಾಲಿಯೆಸ್ಟರ್ ತುಂಡುಗಳು ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ಸುತ್ತುತ್ತವೆ, ಒಂದು ದಿನ ಮಡಿಕೆಯಲ್ಲೇ ಬಣ್ಣ ಮಾಸಿ ಕಸಕ್ಕೆ ಸೇರುತ್ತವೆ.

ನಮ್ಮ ಸಂಪ್ರದಾಯ ಹೀಗಿರಲಿಲ್ಲ ಎಂಬುದೇ ನನ್ನ ವಾದದ ಮುಖ್ಯ ಅಂಶ. ಗೌರಿ ಹಬ್ಬದ ಮೊರದ ಬಾಗಿನವನ್ನು ನೋಡಿ: ಬಿದಿರಿನ ಮೊರ, ಅದರೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲ, ತೆಂಗಿನಕಾಯಿ, ಅರಿಶಿನ, ಕುಂಕುಮ, ಬಳೆ. ತಿನ್ನುವುದು ತಿಂದು ಮುಗಿಯುತ್ತದೆ, ಮೊರ ಅಡುಗೆಮನೆಯಲ್ಲಿ ದುಡಿಯುತ್ತದೆ, ಅದು ಸವೆದರೂ ಮಣ್ಣಿಗೆ ಸೇರುತ್ತದೆ. ಈಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬಾಗಿನದಲ್ಲಿ ಪ್ರತಿಯೊಂದು ಧಾನ್ಯಕ್ಕೂ ಒಂದೊಂದು ಪ್ಲಾಸ್ಟಿಕ್ ಪೊಟ್ಟಣ, ಜೊತೆಗೆ ಯಾರ ಮುಖವೂ ಸರಿಯಾಗಿ ಕಾಣದ ಪ್ಲಾಸ್ಟಿಕ್ ಕನ್ನಡಿ, ಯಾರೂ ಬಾಚಿಕೊಳ್ಳದ ಬಾಚಣಿಗೆ. ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೋದಾಗ ಬಟ್ಟಲಿನಲ್ಲಿ ಎಳ್ಳು ಬೆಲ್ಲ ಕೊಟ್ಟರೆ, ಅವರು ಬಟ್ಟಲನ್ನು ಬರಿದಾಗಿ ಹಿಂತಿರುಗಿಸದೆ ತಮ್ಮ ಮನೆಯ ಎಳ್ಳನ್ನೇ ಹಾಕಿ ಕೊಡುತ್ತಿದ್ದರು. ಈಗ ಎಳ್ಳಿಗಿಂತ ಡಬ್ಬಿಯೇ ದೊಡ್ಡದು. ಹಬ್ಬವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಹಳೆಯ ರೀತಿಯಲ್ಲೇ ಮಾಡಿ ಎಂದಷ್ಟೇ ನನ್ನ ಕೋರಿಕೆ. ಧಾನ್ಯವನ್ನು ಮನೆಯಲ್ಲೇ ಬಟ್ಟೆಯಲ್ಲಿ ಅಥವಾ ಕಾಗದದಲ್ಲಿ ಕಟ್ಟಬಹುದು, ಕಣ ಕೊಡಲೇಬೇಕೆಂದರೆ ಹೊಲಿಸಿಕೊಳ್ಳಬಹುದಾದ ಹತ್ತಿಯ ಕಣವನ್ನು ಕೊಡಬಹುದು, ಮಕ್ಕಳ ಹುಟ್ಟುಹಬ್ಬದಲ್ಲಿ ಬಂದ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಆಟಿಕೆಯ ಬದಲು ಚಿಕ್ಕಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಹಂಚಬಹುದು. ಮನೆಯ ಸಮಾರಂಭಕ್ಕೆ ಎರವಲು ತಟ್ಟೆ ಲೋಟ ಕೊಡುವ ವ್ಯವಸ್ಥೆಯೂ ಬೆಂಗಳೂರಿನಲ್ಲಿದೆ. ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಅದಕ್ಕೊಂದು ಉದಾಹರಣೆ. ಊಟಕ್ಕೆ ಬಾಳೆಲೆ ಹೇಗೂ ಇದ್ದೇ ಇದೆ.

ಆಹ್ವಾನ ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವವರಿದ್ದಾರೆ. ಅದರೊಂದಿಗೆ ತಾವೂ ಮರು ಉಡುಗೊರೆ ಕೊಡುವುದಿಲ್ಲವೆಂದು ಮೊದಲೇ ತಿಳಿಸಿದರೆ ಬರುವವರಿಗೂ ಸಂಕೋಚ ತಪ್ಪುತ್ತದೆ. ಇದನ್ನು ಸೊಸೆ ಹೇಳಿದರೆ ಜಿಪುಣತನ ಎನ್ನುತ್ತಾರೆ, ಮನೆಯ ಹಿರಿಯರು ಹೇಳಿದರೆ ಪದ್ಧತಿಯಾಗುತ್ತದೆ. ಆದ್ದರಿಂದ ಈ ಮಾತನ್ನು ಎತ್ತುವ ಹೊಣೆ ನನ್ನ ವಯಸ್ಸಿನವರದು ಎಂದು ನಾನು ತಿಳಿದಿದ್ದೇನೆ.

ಕೊಳ್ಳುವ ವಿಷಯದಲ್ಲಿ ನಮ್ಮ ಮನೆಯಲ್ಲಿ ರೂಢಿಯಾಗಿರುವುದನ್ನು ಹೇಳಬಹುದಾದರೆ, ದಿನಸಿ ಮತ್ತು ಔಷಧಿ ಬಿಟ್ಟು ಬೇರೆ ಏನು ಬೇಕಾದರೂ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಬೇಕು. ತಿಂಗಳ ಸಾಮಾನಿನ ಪಟ್ಟಿ ಮಾಡುವ ದಿನ ಎಲ್ಲರೂ ಕುಳಿತು ಅದನ್ನು ಓದುತ್ತೇವೆ. ಎಲ್ಲಿಡುತ್ತೀರಿ, ಯಾರು ಒರೆಸಿ ಇಡುತ್ತೀರಿ, ಕೆಟ್ಟರೆ ರಿಪೇರಿಯಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ಈಗ ಮೊಮ್ಮಕ್ಕಳೇ ಕೇಳುತ್ತಾರೆ. ಬರೆದ ವಸ್ತುಗಳಲ್ಲಿ ಎಷ್ಟೋ ಆ ದಿನದ ಹೊತ್ತಿಗೆ ಬರೆದವರಿಗೇ ಬೇಡವಾಗಿರುತ್ತವೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ವ್ಯಾಪಾರ ಗೆಲ್ಲುವುದೇ ಈ ಕಾಯುವಿಕೆಯನ್ನು ಇಲ್ಲವಾಗಿಸುವುದರಿಂದ. ಹಾಗಾಗಿ ಕಾಯುವುದನ್ನು ಮನೆಯ ನಿಯಮವಾಗಿಯೇ ಇಟ್ಟುಕೊಳ್ಳುವುದು ಲೇಸು.

ಇದ್ದದ್ದನ್ನು ತೆಗೆಯುವಾಗ ಬೇರೆ ಬಗೆಯ ಎಚ್ಚರ ಬೇಕು. ಒಬ್ಬರ ವಸ್ತುವನ್ನು ಇನ್ನೊಬ್ಬರು ಅವರಿಗೆ ಹೇಳದೆ ಹೊರಹಾಕುವುದು ಸರಿಯಲ್ಲ. ಅಜ್ಜಿಯ ಹಿತ್ತಾಳೆ ಕೊಳಗ, ತಾತನ ಕಾಗದಪತ್ರಗಳ ಕಟ್ಟು, ಮಗುವಿನ ಮೊದಲ ಚಿತ್ರಪುಸ್ತಕ ನೋಡುವವರಿಗೆ ಜಾಗ ತಿನ್ನುವ ಸಾಮಾನಾಗಿ ಕಾಣಬಹುದು, ಇಟ್ಟುಕೊಂಡವರಿಗೆ ಹಾಗಲ್ಲ. ಹಿರಿಯರನ್ನು ಅವಸರಪಡಿಸದೆ, ಯಾವುದು ಯಾರಿಗೆ ಸೇರಬೇಕೆಂದು ಅವರೇ ಹೇಳಿ ಹಂಚಲು ಬಿಟ್ಟರೆ, ವಸ್ತುವಿನ ಜೊತೆಗೆ ಅದರ ನೆನಪೂ ಮುಂದಿನವರಿಗೆ ದಾಟುತ್ತದೆ.

ಹಳೆಯ ಬಟ್ಟೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂಬ, ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಯ ಸೊಗಸಾದ ಉತ್ತರವಿತ್ತು. ಇಂದಿಗೂ ಹೊಲಿಯಬಲ್ಲವರಿದ್ದಾರೆ, ಹೊಲಿಸಿಕೊಳ್ಳುವವರು ಬೇಕು. ಹತ್ತಿಯ ಹಾಸಿಗೆ ಗಟ್ಟಿಯಾದರೆ ಪಿಂಜಾರರು ಬಂದು ಅದೇ ಹತ್ತಿಯನ್ನು ಬಡಿದು ಹಗುರ ಮಾಡಿಕೊಡುತ್ತಿದ್ದರು. ಫೋಮ್ ಹಾಸಿಗೆಗೆ ಆ ಭಾಗ್ಯವಿಲ್ಲ, ಅದು ಒಮ್ಮೆ ಕುಸಿದರೆ ಮುಗಿಯಿತು. ಇಂಥ ಸಂಗತಿಗಳನ್ನು ಕೊಳ್ಳುವ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನಾಥಾಲಯ, ವೃದ್ಧಾಶ್ರಮಗಳಿಗೆ ಕೊಡುವಾಗಲೂ ಒಗೆದ, ಗುಂಡಿ ಇರುವ, ನಮ್ಮ ಮಕ್ಕಳಿಗೇ ತೊಡಿಸಬಹುದಾದ ಬಟ್ಟೆಯನ್ನು, ಅವರಿಗೆ ಬೇಕೇ ಎಂದು ಕೇಳಿ ಕೊಡಬೇಕು. ಹರಿದದ್ದನ್ನು ಅಲ್ಲಿಗೆ ಸುರಿದು ಬರುವುದನ್ನು ದಾನವೆಂದು ಕರೆಯಲಾಗದು.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಸಿ ಕಸವೇ ಆಗಿರುವುದರಿಂದ ಅದನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಹೊರಗೆ ಹೋಗುವ ಹೊರೆ ಒಮ್ಮೆಲೇ ಇಳಿಯುತ್ತದೆ. ತಳದಲ್ಲಿ, ಬದಿಯಲ್ಲಿ ತೂತು ಕೊರೆದ ಹಳೆಯ ಬಕೆಟ್ ಸಾಕು. ತರಕಾರಿ ಸಿಪ್ಪೆಯ ಮೇಲೆ ದಿನವೂ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕುತ್ತ, ಸ್ವಲ್ಪ ಹುಳಿಮಜ್ಜಿಗೆ ಚಿಮುಕಿಸಿ, ಹಿಂಡಿದ ಬಟ್ಟೆಯಷ್ಟು ತೇವ ಕಾಪಾಡಿಕೊಂಡರೆ ಸುಮಾರು ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ದುರ್ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿದರೆ ಸರಿಹೋಗುತ್ತದೆ. ಬೀದಿ ಗುಡಿಸಿದ ಎಲೆಗೆ ಬೆಂಕಿ ಹಚ್ಚುವ ಬದಲು ಒಂದು ಚೀಲ ತುಂಬಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಒಣ ಕಸದಲ್ಲಿ ಹಾಲಿನ ಪ್ಯಾಕೆಟ್‌ನ ಲೆಕ್ಕ ನೋಡಿ: ದಿನಕ್ಕೆ ಎರಡು ತರುವ ಮನೆಯಲ್ಲಿ ವರ್ಷಕ್ಕೆ 730 ಆಗುತ್ತವೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಸೀಳಷ್ಟೇ ಮಾಡಿ, ತೊಳೆದು ಒಣಗಿಸಿ ಕೊಟ್ಟರೆ ಅದು ಮರುಬಳಕೆಗೆ ಹೋಗುತ್ತದೆ. ಕತ್ತರಿಸಿ ಬಿಸಾಡಿದ ಆ ಚಿಕ್ಕ ಮೂಲೆ ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ.

ಆಡಳಿತದವರಿಂದಲೂ ಆಗಬೇಕಾದದ್ದಿದೆ. ಬೆಂಗಳೂರಿನಲ್ಲಿ 2025ರಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕ ಕಟ್ಟುತ್ತಿದ್ದೇವೆ. ವಸತಿ ಕಟ್ಟಡಗಳಿಗೆ ಅದು ವಿಸ್ತೀರ್ಣದ ಮೇಲೆ ನಿಗದಿಯಾಗಿರುವುದರಿಂದ, ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಕುಟುಂಬಕ್ಕೂ ದಿನಾ ಎರಡು ಬುಟ್ಟಿ ಮಿಶ್ರ ಕಸ ಕೊಡುವ ಕುಟುಂಬಕ್ಕೂ ವ್ಯತ್ಯಾಸವೇ ಆಗದಂತಾಗಿದೆ. ಕಡಿಮೆ ಕಸ ಕೊಡುವವರಿಗೆ ರಿಯಾಯಿತಿ ಸಿಗಬೇಕು. ಹಾಸಿಗೆ, ಮಂಚ, ಕೆಟ್ಟ ಟಿ.ವಿ., ಹಳೆಯ ಬಟ್ಟೆಗಳನ್ನು ಒಯ್ಯಲು ಆಗೀಗ ಅಭಿಯಾನ ನಡೆಸಿದರೆ ಸಾಲದು, ಪ್ರತಿ ವಾರ್ಡಿಗೂ ತಿಂಗಳಿಗೊಂದು ದಿನವನ್ನು ಖಾಯಂ ಆಗಿ ಗೊತ್ತುಮಾಡಬೇಕು. ಮುಗಿದ ಬ್ಯಾಟರಿ, ಪಾದರಸವಿರುವ ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆಗಳನ್ನೂ ಅಂದೇ ಪ್ರತ್ಯೇಕವಾಗಿ ಪಡೆಯುವಂತಾಗಬೇಕು.

ತಮ್ಮ ಪತ್ರಿಕೆಯಲ್ಲಿ ಪ್ರತಿ ತಿಂಗಳ ಮೊದಲ ವಾರ ವಾರ್ಡುವಾರು ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳ ವಿಳಾಸ ಮತ್ತು ವೇಳೆಯನ್ನು, ಹಾಗೆಯೇ ಬಡಾವಣೆಗಳಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಹಾಸಿಗೆ, ಮಿಕ್ಸಿ, ಛತ್ರಿ, ಚಪ್ಪಲಿ ರಿಪೇರಿಯವರ ವಿವರವನ್ನು ಅವರ ಒಪ್ಪಿಗೆ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ರಾಜಾಜಿನಗರದ ಮಟ್ಟಿಗೆ ಆ ಪಟ್ಟಿಯನ್ನು ಸಿದ್ಧಪಡಿಸಿಕೊಡಲು ನಾನೂ ನಮ್ಮ ಬೀದಿಯ ಕೆಲವು ಮನೆಯವರೂ ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ರಾಜಾಜಿನಗರ, ಬೆಂಗಳೂರು