ಹತ್ತು ಅಂಕಿಯ ಸಂಖ್ಯೆ, ನಾಲ್ಕು ‘ಅದ್ಭುತ’

ಪ್ರೀತಿಯ ತಂಗಿ,

3816547290 ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಮೊದಲ ಪುಟದಲ್ಲೇ ‘ಅದ್ಭುತ’ ನಾಲ್ಕು ಸಲ ಬಂದಿದೆ. ನಾಲ್ಕನ್ನೂ ಹೊಡೆದುಹಾಕು. ಸಂಖ್ಯೆಯನ್ನೇ ಓದುಗರ ಕೈಗೆ ಕೊಡು.

ಎಡದಿಂದ ಒಂದೊಂದೇ ಅಂಕಿ ಸೇರಿಸುತ್ತಾ ಹೋಗು. 38 ಎರಡರಿಂದ ಭಾಗವಾಗುತ್ತದೆ. 381 ಮೂರರಿಂದ, 3816 ನಾಲ್ಕರಿಂದ. ಹೀಗೇ ಹೋಗಿ ಹತ್ತೂ ಅಂಕಿ ಸೇರಿದಾಗ ಹತ್ತರಿಂದ. ಎಲ್ಲೂ ಶೇಷವಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ ಒಂದೇ ಸಲ ಬಂದಿದೆ. ಇಷ್ಟನ್ನು ನೀನೂ ಬರೆದಿದ್ದೀಯ. ಆದರೆ ‘ಇಂಥದ್ದು ಇದೊಂದೇ’ ಅಂದು ಮುಂದೆ ಹೋಗಿಬಿಟ್ಟೆಯಲ್ಲ, ಕಥೆ ಇದ್ದದ್ದೇ ಅಲ್ಲಿ. ಓದುವವರು ಸುಮ್ನೆ ಯಾಕೆ ನಂಬಬೇಕು?

ಹುಡುಕಿ ನೋಡು. ಹತ್ತನೆಯ ಜಾಗದಲ್ಲಿ 0 ಬರಲೇಬೇಕು. ಸೊನ್ನೆ ಖರ್ಚಾಯಿತು, ಹಾಗಾಗಿ ಐದನೆಯದು 5. ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಿಗೆ ಸಮ ಅಂಕಿಗಳು, ಉಳಿದ ಕಡೆ ಬೆಸ. ನಾಲ್ಕನೆಯ ಅಂಕಿಯ ಹಿಂದೆ ಬೆಸ ಅಂಕಿ ಇದೆ. ಅದರ ಪಕ್ಕ ನಿಂತು ನಾಲ್ಕರಿಂದ ಭಾಗವಾಗಬೇಕಾದರೆ 2 ಅಥವಾ 6 ಮಾತ್ರ ಸಾಧ್ಯ: 12, 36, 76, 92. ಎಂಟನೆಯ ಜಾಗಕ್ಕೂ ಇದೇ ಕಟ್ಟು. ಅಲ್ಲಿಗೆ 4 ಮತ್ತು 8 ಎರಡನೆಯ, ಆರನೆಯ ಜಾಗಗಳಿಗೆ ಹೋದವು. ಇನ್ನು ಮೊದಲ ಮೂರು ಅಂಕಿಗಳ ಮೊತ್ತ ಮೂರರಿಂದ ಭಾಗವಾಗಬೇಕು, ಮೊದಲ ಆರರದ್ದೂ. ಅಂದಮೇಲೆ ಆಮೇಲಿನ ಮೂರರದ್ದೂ ಹಾಗೇ ಆಗಬೇಕು. ಆ ಮೂರು 258 ಇಲ್ಲವೇ 654, ಬೇರೆ ದಾರಿಯಿಲ್ಲ.

ಇದನ್ನು ಎಂಟರ ನಿಯಮದಲ್ಲೂ ಸೋಸಿದರೆ ಉಳಿಯುವುದು ಹತ್ತೇ ಸಂಖ್ಯೆ. ನಾನು ಮೊದಲ ಸಲ ಹೀಗೆ ಸೋಸುವಾಗ ಎರಡು ಅಂಕಿ ಅದಲುಬದಲಾಗಿ ಒಂದು ಸಂಜೆಯೇ ಹಾಳಾಯಿತು. ನೀನು ಮಾತ್ರ ಪ್ರತಿ ಸಾಲನ್ನೂ ಪೆನ್ನು ಹಿಡಿದು ಎರಡೆರಡು ಸಲ ಭಾಗಿಸಿ ನೋಡು.

ಅಂಕಿಗಳು ಮತ್ತೆ ಮತ್ತೆ ಬರಬಹುದು ಅಂದರೆ ಈ ಆಟ 25 ಅಂಕಿಯವರೆಗೂ ನಡೆಯುತ್ತದೆ, 26ಕ್ಕೆ ನಿಲ್ಲುತ್ತದೆ ಅಂತಲೂ ಬರೆದಿದ್ದೀಯ. ಚೆಂದದ ವಿಷಯವೇ. ಆದರೆ ಈ ಬರಹಕ್ಕೆ ಜಾಸ್ತಿಯಾಯಿತು, ತೆಗೆದುಬಿಡು.

ಈಗ ಏಳರ ಸರದಿ. ಮೂರಕ್ಕೋ ಐದಕ್ಕೋ ಇರುವಂಥ ಸಲೀಸು ಗುರುತು ಅದಕ್ಕಿಲ್ಲ, ಸೋಸಿ ಉಳಿದ ಹತ್ತೂ ಸಂಖ್ಯೆಗಳನ್ನು ಭಾಗಿಸಲೇಬೇಕು. ಒಂಬತ್ತು ಬಿದ್ದುಹೋಗುತ್ತವೆ. ಬಿದ್ದವುಗಳಲ್ಲಿ ಒಂದು ಯಾವುದು ಗೊತ್ತಾ? 9876543210. ಮಕ್ಕಳು ಹಿಂದುಮುಂದಾಗಿ ಎಣಿಸುವ ಅದೇ ಸಾಲು! ಉಳಿದ ಎಲ್ಲ ಪರೀಕ್ಷೆಯನ್ನೂ ಗೆದ್ದು ಏಳರ ಹತ್ತಿರ ಮಾತ್ರ ಸೋಲುತ್ತದೆ. 9876543 ಅನ್ನು ಏಳರಿಂದ ಭಾಗಿಸಿದರೆ 5 ಉಳಿಯುತ್ತದೆ. ನಿನ್ನ ಬರಹದಲ್ಲಿ ಇದರ ಹೆಸರೇ ಇಲ್ಲ ನೋಡು. ನಾನಾದರೆ ಶುರು ಮಾಡುತ್ತಿದ್ದದ್ದೇ ಇದರಿಂದ, ಗೆದ್ದ ಸಂಖ್ಯೆಯನ್ನು ಕೊನೆಯವರೆಗೂ ಬಚ್ಚಿಡುತ್ತಿದ್ದೆ. ತಿದ್ದಿ ಕಳಿಸು, ಕಾಯುತ್ತಿರುತ್ತೇನೆ.

ಇತಿ,
ನಿನ್ನ ಅಣ್ಣ