ಬುದ್ಧಿ ಹಲ್ಲು ಕೀಳೋ ಮುಂಚೆ ಇನ್ಮೇಲೆ ಪಕ್ಕದ ಹಲ್ಲನ್ನೂ ನೋಡ್ತೀವಿ

ನಮ್ಮ ಡೆಂಟಲ್ ಕ್ಲಿನಿಕ್‌ಗೆ ಬರೋ ಎಲ್ಲರಿಗೂ ನಮಸ್ಕಾರ,

ಇಷ್ಟು ದಿನ ಅಡ್ಡ ಬೆಳೆದ ಬುದ್ಧಿ ಹಲ್ಲು ಅಂತ ಯಾರಾದ್ರೂ ಬಂದ್ರೆ ಓಪಿಜಿ (ಎಲ್ಲಾ ಹಲ್ಲೂ ಒಟ್ಟಿಗೆ ಕಾಣೋ ದೊಡ್ಡ ಎಕ್ಸ್‌ರೇ) ತೆಗೆಸಿ, ಹಲ್ಲು ಕಿತ್ತು, ಒಂದು ವಾರಕ್ಕೆ ಹೊಲಿಗೆ ಬಿಚ್ಚಿ ಕಳಿಸಿಬಿಡ್ತಿದ್ವಿ. ಈ ತಿಂಗಳಿಂದ ಹಾಗಲ್ಲ. ಕೀಳೋಕೆ ಮುಂಚೆನೇ ಅದರ ಮುಂದಿನ ದವಡೆ ಹಲ್ಲಿಗೆ ಅಂತಲೇ ಒಂದು ಸಣ್ಣ ಎಕ್ಸ್‌ರೇ ತೆಗೀತೀವಿ, ಹೊಲಿಗೆ ಬಿಚ್ಚಿದ ಮೇಲೂ ಎರಡು ಸಲ ಬನ್ನಿ ಅಂತೀವಿ.

ಕಾರಣ ನಮ್ಮದೇ ತಪ್ಪು. ಒಬ್ಬರಿಗೆ ಬುದ್ಧಿ ಹಲ್ಲು ಕಿತ್ತು ಎಲ್ಲಾ ಸರಿಯಾಯ್ತು ಅಂತ ಕಳಿಸಿದ್ವಿ, ವರ್ಷ ಕಳೆದ ಮೇಲೆ ಅದೇ ಕಡೆ ರಾತ್ರಿ ನಿದ್ದೆ ಬರದಷ್ಟು ನೋವು ಅಂತ ವಾಪಸ್ ಬಂದ್ರು, ನೋಡಿದ್ರೆ ಪಕ್ಕದ ಹಲ್ಲಿನ ಹಿಂಭಾಗದಲ್ಲಿ ಹುಳುಕು ನರದವರೆಗೂ ಇಳಿದಿತ್ತು. ಹಳೇ ಓಪಿಜಿ ತೆಗೆದು ಬೆಳಕಿಗೆ ಹಿಡಿದ್ರೆ ಅದೇ ಜಾಗದಲ್ಲಿ ಪೆನ್ಸಿಲ್ ಮೊನೆಯಷ್ಟು ಕಪ್ಪು ಚುಕ್ಕೆ ಆಗ್ಲೇ ಇತ್ತು. ಆವತ್ತೇ ಕಂಡಿದ್ರೆ ಒಂದು ಫಿಲ್ಲಿಂಗ್‌ನಲ್ಲಿ ಮುಗೀತಿತ್ತು, ಈಗ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕಾಯ್ತು.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಲ್ಲಿ ಬರುತ್ತೆ, ಜಾಗ ಸಾಲದೆ ಹೋದ್ರೆ ಮುಂದಿನ ಹಲ್ಲಿಗೆ ಒರಗಿಕೊಂಡು ಅರ್ಧ ಒಸಡಿನೊಳಗೇ ನಿಂತುಬಿಡುತ್ತೆ. ಆ ಸಂದಿಯಲ್ಲಿ ಸಿಕ್ಕಿದ್ದನ್ನ ಬ್ರಷ್ ತೆಗೆಯಲ್ಲ, ಬಾಯಿ ಮುಕ್ಕಳಿಸಿದ್ರೂ ಹೋಗಲ್ಲ. ಮೊದಲು ಹಾಳಾಗೋದು ಬಹಳ ಸಲ ಗಟ್ಟಿಯಾಗಿದ್ದ ಆ ಪಕ್ಕದ ಹಲ್ಲೇ. ಕೆಲವರಿಗೆ ಹುಳುಕು, ಕೆಲವರಿಗೆ ಅದರ ಹಿಂದಿನ ಮೂಳೆ ಸವೆದು ಒಸಡಲ್ಲಿ ಆಳವಾದ ಪಾಕೆಟ್ (ಹಲ್ಲಿಗೂ ಒಸಡಿಗೂ ನಡುವಿನ ಸಂದು), ಇನ್ನು ಕೆಲವರಿಗೆ ಒತ್ತಡಕ್ಕೆ ಆ ಹಲ್ಲಿನ ಬೇರು ಕರಗಿರುತ್ತೆ. ಓಪಿಜಿಯಲ್ಲಿ ಎರಡು ಹಲ್ಲೂ ಒಂದರ ಮೇಲೊಂದು ಬಿದ್ದಂಗೆ ಕಾಣೋದ್ರಿಂದ ಇದು ತಪ್ಪಿಹೋಗುತ್ತೆ, ಅದಕ್ಕೇ ಬೇರೆ ಎಕ್ಸ್‌ರೇ.

ಹುಳುಕು ಇದ್ರೆ ಮೊದಲು ಫಿಲ್ಲಿಂಗ್ ಮಾಡಿಬಿಡಿ ಅಂತ ಬಹಳ ಜನ ಕೇಳ್ತಾರೆ. ಬುದ್ಧಿ ಹಲ್ಲು ಅಡ್ಡ ಇರೋವರೆಗೂ ಆ ಹಿಂಭಾಗಕ್ಕೆ ನಮ್ಮ ಕೈ ಸರಿಯಾಗಿ ಹೋಗಲ್ಲ, ಅದಕ್ಕೆ ಸಾಮಾನ್ಯವಾಗಿ ಕೀಳೋದೇ ಮೊದಲು, ಒಸಡು ಮಾಗಿದ ಮೇಲೆ ಫಿಲ್ಲಿಂಗ್. ಹುಳುಕು ಮೂಳೆಯ ಮಟ್ಟಕ್ಕಿಂತ ಕೆಳಗೆ ಹೋಗಿದ್ರೆ ಆ ಹಲ್ಲು ಉಳಿಸೋದು ಕಷ್ಟ, ಅದನ್ನ ಮುಚ್ಚಿಡದೆ ಮೊದಲೇ ಹೇಳ್ತೀವಿ. ಬೇರು ಸ್ವಲ್ಪ ಕರಗಿ ನರಕ್ಕೆ ತಾಕಿಲ್ಲ ಅಂದ್ರೆ, ಒತ್ತಡ ಹೋದ್ಮೇಲೆ ಬಹಳ ಸಲ ಅಲ್ಲಿಗೇ ನಿಲ್ಲುತ್ತೆ, ಕಾದು ನೋಡ್ತೀವಿ.

ಕಿತ್ತ ಮೇಲಿನ ಮೊದಲ ಭೇಟಿ ಒಂದೂವರೆ ತಿಂಗಳಿಗೆ, ಎರಡನೇದು ಆರು ತಿಂಗಳಿಗೆ. ಮೂಳೆ ತುಂಬಿಕೊಳ್ಳೋಕೆ ಅಷ್ಟು ಟೈಮ್ ಬೇಕು, ಪಾಕೆಟ್ ಆಳ ಅಳೆಯೋದು ಆವಾಗ್ಲೇ ಸರಿ. ವಯಸ್ಸಾದಷ್ಟೂ ಮೂಳೆ ನಿಧಾನವಾಗಿ ತುಂಬುತ್ತೆ, ಹಾಗಾಗಿ ಮೂವತ್ತು ದಾಟಿದವರು ಆರು ತಿಂಗಳ ಭೇಟಿ ದಯವಿಟ್ಟು ಬಿಡಬೇಡಿ. ಈ ಎರಡು ಭೇಟಿಗೂ ಬೇರೆ ಫೀಸ್ ಇಲ್ಲ.

ಹಿಂದೆ ನಮ್ಮಲ್ಲೇ ಬುದ್ಧಿ ಹಲ್ಲು ತೆಗೆಸಿಕೊಂಡವರು, ಆ ಕಡೆ ತಣ್ಣೀರು ಜುಮ್ಮನ್ನುತ್ತೆ ಅಥವಾ ಏನಾದ್ರೂ ಸಿಕ್ಕಿಕೊಳ್ಳುತ್ತೆ ಅಂದ್ರೆ ಹಳೇ ಎಕ್ಸ್‌ರೇ ತಗೊಂಡು ಬನ್ನಿ, ಕಳೆದುಹೋಗಿದ್ರೂ ಪರವಾಗಿಲ್ಲ, ನಮ್ಮ ಫೈಲಲ್ಲಿ ಹುಡುಕ್ತೀವಿ.